ಪರಿಚಯ ಮಾಡಿಸುವ ಆಂಟಿ

ಟೆಕ್ಸಸ್ಸಿನ ಪೇರ್ಲ್ಯಾಂಡಿನಲ್ಲಿರುವ ವತ್ಸಲಾ ಆಂಟಿಗೆ ನಂಟು ಹೇಳದೆ ಯಾರನ್ನೂ ಪರಿಚಯಿಸಲು ಬಾರದು. ದೇವಸ್ಥಾನದ ಊಟದ ಸಾಲಿನಲ್ಲಿ ಹೊಸಬರು ತಟ್ಟೆ ಹಿಡಿಯುವಷ್ಟರಲ್ಲಿ ಯಾರದೋ ಷಡ್ಡಕನೋ, ಇನ್ಯಾರದೋ ಓರಗಿತ್ತಿಯ ತಂಗಿಯೋ ಆಗಿಬಿಟ್ಟಿರುತ್ತಾರೆ. ಅವರ ಮನೆಯ ನಲ್ಲಿ ರಿಪೇರಿಗೆ ಬಂದ ಕಾರ್ಲೋಸ್ ಕೂಡ ಎರಡನೇ ಸಲಕ್ಕೆ "ನಮ್ಮ ತಮ್ಮ ಇದ್ದ ಹಾಗೆ" ಆದ. ಹನ್ನೊಂದು ವರ್ಷ ದಂಪತಿಯಾಗಿ ಬಾಳಿದ ಪ್ರಭಂಜನ ಮತ್ತು ಮಿಹಿರ್‌ಗೆ ಮಾತ್ರ ಆಂಟಿಯ ಬಳಿ ಇದ್ದದ್ದು ಒಂದೇ ಮಾತು: "ಇವರಿಬ್ರೂ ರೂಮ್‌ಮೇಟ್ಸ್." ಆಮೇಲೆ ನನ್ನ ಕಿವಿಯಲ್ಲಿ, "ಗೊತ್ತಿಲ್ಲ ಅಂತಲ್ಲಪ್ಪ, ನಾಲ್ಕು ಜನ ಆಡ್ಕೋಬಾರ್ದು ಅಂತ." ಅವರಿಬ್ಬರೂ ತಿದ್ದದೆ, ನಕ್ಕು ಸಾಲಿನಲ್ಲಿ ಮುಂದೆ ಹೋಗುತ್ತಿದ್ದರು. ಹೋದ ವರ್ಷ ಟ್ರಕ್ಕೊಂದು ಕಾರಿಗೆ ಗುದ್ದಿ ಪ್ರಭಂಜನ ತೀರಿಕೊಂಡ. ಗಂಡನ ಸಾವಿಗೆ ನ್ಯಾಯ ಕೇಳಿ ಮಿಹಿರ್ ಟ್ರಕ್ ಕಂಪನಿಯ ಮೇಲೆ ದಾವೆ ಹೂಡಿದ. ಅವರು ಮದುವೆ ರಿಜಿಸ್ಟರ್ ಮಾಡಿಸಿರಲಿಲ್ಲ. ಅಂಥ ಮದುವೆಯನ್ನೂ ಟೆಕ್ಸಸ್ ಕಾನೂನು ಒಪ್ಪುತ್ತದೆ. ಆದರೆ ನಾವು ದಂಪತಿ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡಿರಬೇಕು. ಕಂಪನಿಯ ವಕೀಲ ಆಂಟಿಯನ್ನು ಸಾಕ್ಷಿಗೆ ಕರೆಸಿ, ಅವರಿಬ್ಬರನ್ನು ಜನರಿಗೆ ಏನೆಂದು ಪರಿಚಯಿಸುತ್ತಿದ್ದಿರಿ ಎಂದು ಕೇಳಿದ. ಪ್ರಮಾಣ ಮಾಡಿ ಕೂತಿದ್ದ ಆಂಟಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ರೂಮ್‌ಮೇಟ್ಸ್ ಅಂತ." ಮದುವೆ ಸಾಬೀತಾಗದೆ ದಾವೆ ಬಿದ್ದುಹೋಯಿತು. ಈಗಲೂ ಆಂಟಿ ಊಟದ ಸಾಲಿನಲ್ಲಿ ಹೊಸಬರ ಕೈ ಹಿಡಿಯುತ್ತಾರೆ, ಆದರೆ ಮೊದಲು ಅವರನ್ನೇ ಕೇಳುತ್ತಾರೆ, "ನಿಮ್ಮನ್ನ ಏನಂತ ಪರಿಚಯ ಮಾಡಿಸ್ಲಿ?" ಮಿಹಿರ್ ಆ ಸಾಲಿಗೆ ಬರುವುದನ್ನೇ ಬಿಟ್ಟಿದ್ದಾನೆ.