ಹಿಂದಿನ ಗೇಟಿನ ಸುದ್ದಿ

ನಮ್ಮ ಕಾಲೇಜಿನ ಪತ್ರಿಕೆ ಶುರುವಾದದ್ದು ಗೋಡೆಯ ಮೇಲೆ. ಹಾಸ್ಟೆಲ್ ಊಟಕ್ಕೆ ಬೇಸತ್ತ ಯಾರೋ ನಾಲ್ಕು ಜನ ಡ್ರಾಯಿಂಗ್ ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಲೈಬ್ರರಿ ಮೆಟ್ಟಿಲ ಪಕ್ಕ ಅಂಟಿಸಿದರಂತೆ. ಆಮೇಲೆ ಅದು ಎರಡು ಪುಟದ ಅಚ್ಚಿನ ಹಾಳೆಯಾಯಿತು, ನಂತರ ನಾಲ್ಕು ಪುಟವಾಯಿತು. ಕಾಲೇಜು ತನ್ನ ಬೋರ್ಡಿನಲ್ಲಿ ವಿಶ್ವವಿದ್ಯಾಲಯ ಅಂತ ಬರೆಸಿಕೊಂಡಾಗ ಮೂರು ಪುಟ ಇಂಗ್ಲಿಷಿಗೆ ಹೋಯಿತು. ಕನ್ನಡಕ್ಕೆ ಉಳಿದದ್ದು ಕೊನೆಯ ಪುಟ. ಆ ಒಂದು ಪುಟಕ್ಕೆ ನಾನು ಎರಡು ವರ್ಷ ಸಂಪಾದಕಿಯಾಗಿದ್ದೆ.

ನಾನು ಯಲಹಂಕ ಕಡೆಯ ಸಿಂಗಾಪುರ ಎಂಬ ಹಳ್ಳಿಯವಳು. ಮನೆಯಲ್ಲಿ ಅಜ್ಜಿ ಈಗಲೂ ‘ಇಂಗೆ’, ‘ಅಂಗೆ’ ಅಂತಲೇ ಮಾತಾಡೋದು. ಮೊದಲ ವರ್ಷ ಕ್ಲಾಸಿನಲ್ಲಿ ನನ್ನ ಬಾಯಿಂದ ಹಾಗೊಂದು ಮಾತು ಜಾರಿದಾಗ ಇಡೀ ಬೆಂಚು ನಕ್ಕಿತ್ತು. ನನ್ನ ಪುಟದಲ್ಲಿ ಮಾತ್ರ ಜನ ಹೇಗೆ ಮಾತಾಡುತ್ತಾರೋ ಹಾಗೆಯೇ ಅಚ್ಚಾಗಬೇಕು ಅನ್ನುವ ಹಠ ನನಗೆ ಅಲ್ಲಿಂದ ಬಂದದ್ದು.

ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಹಾಸ್ಟೆಲಿನ ಹುಡುಗಿಯೊಬ್ಬಳಿಗೆ ಉಸಿರಾಟದ ತೊಂದರೆಯಾಯಿತು. ಗೆಳತಿಯರು ಅವಳನ್ನು ಹೊತ್ತುಕೊಂಡು ಮತ್ತಿಕೆರೆ ಕಡೆಯ ಹಿಂದಿನ ಗೇಟಿಗೆ ಓಡಿದರು. ಆಟೋ ಆಚೆ ನಿಂತಿತ್ತು, ಗೇಟಿಗೆ ಬೀಗ. ಮತ್ತೆ ಇಡೀ ಕ್ಯಾಂಪಸ್ ದಾಟಿ ಮುಂದಿನ ಗೇಟಿಗೆ ಹೋಗಬೇಕಾಯಿತು. ಹುಡುಗಿ ಉಳಿದುಕೊಂಡಳು. ಮಾರನೆಯ ದಿನ ನೋಟಿಸ್ ಬೋರ್ಡಿನಲ್ಲಿ, ‘ಹಿಂದಿನ ಗೇಟು ಹಗಲೆಲ್ಲ ತೆರೆದೇ ಇರುತ್ತದೆ, ನಿನ್ನೆಯೂ ತೆರೆದಿತ್ತು’ ಎಂಬ ಆಫೀಸಿನ ಹಾಳೆ ಕಂಡಿತು.

ನಾನು ಹೋಗಿ ಆ ಗೇಟಿನ ಸೆಕ್ಯೂರಿಟಿಯವರನ್ನು ಕೇಳಿದೆ. ಉತ್ತರ ಕರ್ನಾಟಕದಿಂದ ಬಂದವರು, ಐವತ್ತರ ಆಸುಪಾಸು. ಅವರ ಹೆಂಡತಿ ನಮ್ಮ ಕಾಲೇಜಿನ ಹಾಸ್ಟೆಲ್ ಅಡುಗೆಮನೆಯಲ್ಲೇ ಕೆಲಸಕ್ಕಿದ್ದರು. ಆಕಡೆ ಈಕಡೆ ನೋಡಿ ಹೇಳಿದರು: “ಕೀಲಿ ನನ್ನ ಕಡೆ ಇರಂಗಿಲ್ರಿ. ಆಫೀಸಿನಾಗ ಇಟ್ಕೊಂಡಾರ. ಆದ್ರ ಬುಕ್ಕಿನಾಗ ಮುಂಜಾನೆ ಗೇಟ್ ತೆಗದೀನಿ ಅಂತ ಬರಿ ಅಂತಾರ. ಬರೀತೀನಿ.” ಆಮೇಲೆ, “ನನ್ನ ಹೆಸರು ಹಾಕಬ್ಯಾಡ್ರಿ ಮತ್ತ,” ಅಂದರು.

“ಖಂಡಿತಾ ಹಾಕಲ್ಲ ಅಣ್ಣಾ.”

ಹೆಸರು ಹಾಕಲಿಲ್ಲ. ‘ಸಿಬ್ಬಂದಿಯೊಬ್ಬರು’ ಅಂತ ಬರೆದೆ. ಮಾತನ್ನು ಮಾತ್ರ ಒಂದಕ್ಷರವೂ ತಿದ್ದದೆ ಇಳಿಸಿದೆ. ನಮ್ಮ ಸಲಹೆಗಾರ್ತಿಯಾಗಿದ್ದ ಕನ್ನಡದ ಮೇಡಂ ಪ್ರೂಫ್ ನೋಡಿ, “ಇದನ್ನ ನಿನ್ನ ಮಾತಲ್ಲೇ ಬರೆದ್ರೆ ಆಗಲ್ವೇನಮ್ಮಾ?” ಅಂದರು. “ಮೇಡಂ, ಜೀವ ಇರೋದೇ ಆ ಮಾತಲ್ಲಿ,” ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ, ಸಹಿ ಹಾಕಿಕೊಟ್ಟರು.

ಯಶವಂತಪುರದ ಪ್ರೆಸ್ಸಿನಿಂದ ಕಟ್ಟುಗಳು ಬಂದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಹುಡುಗರು ಮೊದಲ ಬಾರಿಗೆ ಪೇಪರನ್ನು ಹಿಂದಿನಿಂದ ಓದಿದರು. ಸುದ್ದಿ ಫೋನುಗಳಲ್ಲಿ ಓಡಾಡಿತು. ಮುಂದಿನ ಸೋಮವಾರ ಗೇಟು ನಿಜವಾಗಿಯೂ ತೆರೆದಿತ್ತು. ಇಂಗ್ಲಿಷ್ ಪುಟಗಳನ್ನು ನೋಡಿಕೊಳ್ಳುತ್ತಿದ್ದ ಗೆಳೆಯ ಕೈಕುಲುಕಿ, “ಗುರು, ಗೆದ್ದೆ ಕಣೇ!” ಅಂದ.

ಗೇಟಿನ ಹತ್ತಿರ ಹೊಸಬರೊಬ್ಬರು ಕೂತಿದ್ದರು.

“ಹಳಬರು ಎಲ್ಲಿ?” ಅಂತ ಕೇಳಿದರೆ ಅವರಿಗೆ ಗೊತ್ತಿಲ್ಲ. ಅಡುಗೆಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದ ಹಳಬರ ಹೆಂಡತಿ ತಲೆ ಎತ್ತದೆ, “ಬ್ಯಾರೆ ಕಡೆ ಹಾಕ್ಯಾರ,” ಅಂದರು, ಅಷ್ಟೇ. ಸೆಕ್ಯೂರಿಟಿ ಏಜೆನ್ಸಿಗೆ ಫೋನ್ ಮಾಡಿದೆ. ಗಂಗಾನಗರದ ಕಡೆಯ ಯಾವುದೋ ಅಪಾರ್ಟ್‌ಮೆಂಟ್ ಅಂದರು. ಗೆಳೆಯ, “ಹೆಸರು ಹಾಕಿಲ್ವಲ್ಲ, ನಿಂದೇನು ತಪ್ಪು?” ಅಂದ. ಅವನ ಮಾತು ಸರಿಯೆನಿಸುತ್ತಿತ್ತು. ಆದರೂ ಕ್ಲಾಸಿನಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ಡಬ್ಬಿ ತೆರೆದು ಮತ್ತೆ ಮುಚ್ಚುತ್ತಿದ್ದೆ. ಮೂರು ವಾರ, ಕ್ಲಾಸ್ ಬಿಟ್ಟ ಮೇಲೆ ಬಸ್ ಹತ್ತಿ ಗಂಗಾನಗರದ ಒಂದೊಂದು ಅಡ್ಡರಸ್ತೆಯನ್ನೂ ತಿರುಗಿದೆ. ಪ್ರತಿ ಗೇಟಿನಲ್ಲೂ ಯಾರ ಮನೆಗೆ ಅಂತ ಕೇಳುತ್ತಿದ್ದರು.

ಕೊನೆಗೆ ಒಂದು ಸಂಜೆ, ಮೂರು ಮಹಡಿಯ ಕಟ್ಟಡದ ಮುಂದೆ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದವರನ್ನು ಗುರುತು ಹಿಡಿದೆ. ನನ್ನನ್ನು ಕಂಡು ನೀರು ನಿಲ್ಲಿಸಿದರು.

“ಅಣ್ಣಾ, ನಾನು ಹೆಸರು ಹಾಕಿರ್ಲಿಲ್ಲ,” ಅಂದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಕಟ್ಟಿಕೊಂಡು ಬಂದವಳ ಬಾಯಲ್ಲಿ ಬಂದದ್ದು ಅದು.

“ಹೆಸರಿಲ್ಲ, ಖರೆ,” ಅಂದರು. “ಆದ್ರ ‘ಇರಂಗಿಲ್ರಿ’ ಅಂತ ಹಾಕೀರಿ. ಆ ಕಾಲೇಜಿನ ಗೇಟಿನಾಗ ಹಂಗ ಮಾತಾಡಾವ ನಾ ಒಬ್ನ ಇದ್ದೆ. ಆಫೀಸಿನ ಸಾಹೇಬ್ರು ನನ್ನ ಮುಂದನ ಓದಿದ್ರು. ಓದಿ ನಕ್ರು.”

ಬೆಂಚಿನ ನಗು ನನಗೆ ಗೊತ್ತಿತ್ತು. ಅದೇ ನಗುವಿನ ಮುಂದೆ ಅವರನ್ನು ನಿಲ್ಲಿಸಿದವಳು ನಾನು.

“ನಾನು ಆಫೀಸಿಗೆ ಹೋಗಿ ಹೇಳ್ತೀನಿ. ಇಲ್ಲಾಂದ್ರೆ ಮುಂದಿನ ಸಂಚಿಕೇಲಿ ಬರೀತೀನಿ, ನಿಮಗೆ ಅನ್ಯಾಯ ಆಗಿದೆ ಅಂತ.”

“ಬ್ಯಾಡ ತಂಗಿ, ಬರೀಬ್ಯಾಡ.” ಧ್ವನಿ ಗಟ್ಟಿಯಾಯಿತು. “ಮನಿಯಾಕಿ ಇನ್ನೂ ಅಲ್ಲೇ ದುಡೀತಾಳ. ಮೊದಲ ಇಬ್ರೂ ಕೂಡಿ ನಡಕೋತ ಹೋಗ್ತಿದ್ವಿ. ಈಗ ನನಗ ಎರಡು ಬಸ್ಸು. ಇರಲಿ.” ಆಮೇಲೆ ಕೇಳಿದರು: “ಗೇಟ್ ತೆಗದಾರೇನು?”

“ತೆಗ್ದಿದಾರೆ.”

“ಚಲೋ ಆತು. ಸುದ್ದಿ ಬರದದ್ದು ತಪ್ಪಲ್ಲ. ಅಚ್ಚು ಹಾಕೂ ಮೊದಲ ನನಗೊಮ್ಮೆ ಓದಿ ಹೇಳಬೇಕಿತ್ತು ನೀವು. ನಾನ ಹೇಳ್ತಿದ್ದೆ, ಇದನ್ನ ಇಡ್ರಿ, ಇದನ್ನ ತೆಗೀರಿ ಅಂತ.”

ಅವರು ಪೈಪ್ ಎತ್ತಿಕೊಂಡರು. ನಾನು ಬಸ್ ಹತ್ತದೆ ಹೆಬ್ಬಾಳದವರೆಗೂ ನಡೆದುಬಿಟ್ಟೆ.

ಆಫೀಸಿಗೆ ಹೋಗಲಿಲ್ಲ, ಬರೆಯಲೂ ಇಲ್ಲ. ಮೇಡಂಗೆ ಮಾತ್ರ ನಡೆದದ್ದೆಲ್ಲ ಹೇಳಿದೆ. “ಸಹಿ ಹಾಕಿದ್ದು ನಾನೂ ಅಲ್ವಾ,” ಅಂದರು ಅವರು. ಆ ತಿಂಗಳಿಂದ ನಾವೊಂದು ನಿಯಮ ಮಾಡಿಕೊಂಡೆವು: ಯಾರ ಮಾತು ಅಚ್ಚಾಗುತ್ತದೋ ಅವರಿಗೆ ಅದನ್ನು ಮೊದಲು ಓದಿ ಹೇಳಬೇಕು. ಕ್ಯಾಂಟೀನಿನವರು, ಡ್ರೈವರುಗಳು, ಲೈಬ್ರರಿಯವರು, ಎಲ್ಲರ ಮುಂದೆಯೂ ಹಾಳೆ ಹಿಡಿದು ನಿಂತೆ. ಕೆಲವರು ಇಡೀ ಮಾತು ತೆಗೆಸಿದರು. ಒಳ್ಳೊಳ್ಳೆಯ ಸುದ್ದಿಗಳು ಹಾಗೆಯೇ ಸತ್ತವು. ಪತ್ರಿಕೆ ಎರಡು ಸಲ ತಡವಾಯಿತು.

ಜವಾಬ್ದಾರಿ ಒಪ್ಪಿಸುವ ದಿನ ಹೊಸ ಸಂಪಾದಕಿ ನಿಯಮ ಕೇಳಿ ಮುಖ ಸಣ್ಣಗೆ ಮಾಡಿದಳು. “ಅಕ್ಕಾ, ಇಂಗೆಲ್ಲಾ ಕೇಳ್ಕೊಂಡು ಕೂತ್ರೆ ಯಾವ ಸುದ್ದೀನೂ ಆಚೆ ಬರಲ್ಲ.” ಯಲಹಂಕದ ಆಚೆಯ ಹಳ್ಳಿಯ ಹುಡುಗಿ. ಅವಳ ಮಾತಿನಲ್ಲೂ ಸತ್ಯವಿತ್ತು. ನಡೆದದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡು, ಒಪ್ಪಿದೆ ಅನ್ನದೆಯೇ ಫೈಲು ಎತ್ತಿಕೊಂಡು ಹೋದಳು.

ಈಗ ಅಚ್ಚು ನಿಂತಿದೆ. ಪತ್ರಿಕೆ ತಿಂಗಳಿಗೊಮ್ಮೆ ಫೋನಿಗೇ ಬರುತ್ತದೆ. ನಾನು ಕೊನೆಯ ಪುಟ ತೆರೆದು, ಉದ್ಧರಣ ಚಿಹ್ನೆಗಳ ಒಳಗಿನ ಮಾತುಗಳನ್ನು ಮಾತ್ರ ನಿಧಾನವಾಗಿ ಓದುತ್ತೇನೆ. ಇದನ್ನು ಆಡಿದವರಿಗೆ ಮೊದಲು ಓದಿ ಹೇಳಿರಬಹುದೇ? ಆ ಸಂಪಾದಕಿಗೆ ಮೆಸೇಜ್ ಮಾಡಿ ಕೇಳೋಣವೆಂದು ಟೈಪ್ ಮಾಡುತ್ತೇನೆ, ಅಳಿಸುತ್ತೇನೆ.