ಡಬ್ಬಿ ತುಂಬಿಸಿದ ಪುಣ್ಯಾತ್ಮ

ಗೆಳೆಯರೇ, ಇವತ್ತು ಪೀಣ್ಯದ ಕ್ಲಿನಿಕ್ಕೊಂದರಲ್ಲಿ ನನ್ನನ್ನು ಒಬ್ಬ ಬಾಯ್ತುಂಬ ಹೊಗಳಿದ. ಆಗಿನಿಂದ ತಲೆ ಎತ್ತಲಾಗುತ್ತಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಲೇತ್ ನಡೆಸುವ ಬಸಣ್ಣನ ಕೈಗಾಯ ಕೀವು ಕಟ್ಟಿ ವಾಸಿಯಾಗುತ್ತಲೇ ಇರಲಿಲ್ಲ. ಸೂಪರ್‌ವೈಸರ್ ಅಂತ ನಾನೇ ಜೊತೆಗೆ ಹೋಗಿದ್ದೆ. ಕೀವು ಪರೀಕ್ಷೆ ಮಾಡಿಸಿದ್ದ ಡಾಕ್ಟರ್, "ಮಾಮೂಲಿ ಆ್ಯಂಟಿಬಯಾಟಿಕ್ ಯಾವುದೂ ಕೆಲಸ ಮಾಡ್ತಿಲ್ಲ. ಮೊದಲು ಏನ್ ನುಂಗಿದ್ರಿ?" ಎಂದರು.

"ಫ್ಯಾಕ್ಟ್ರಿ ಫಸ್ಟ್ ಏಡ್ ಡಬ್ಬ್ಯಾಗಿನ ಗುಳಿಗಿ ರೀ. ನೋವಾದಾಗ ಒಂದು, ಕಡಿಮಿ ಆತಂದ್ರ ಬಿಡೋದು."

"ಹೀಗೆ ಅರ್ಧಂಬರ್ಧ ನುಂಗಿದ್ರೆ ಕ್ರಿಮಿಗಳು ಆ ಔಷಧಿಗೆ ಪಳಗಿಬಿಡ್ತವೆ ಕಣ್ರೀ! ಯಾರು ಆ ಡಬ್ಬಿ ತುಂಬಿಸೋ ಪುಣ್ಯಾತ್ಮ?"

ಬಸಣ್ಣ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದ. "ಇವರೇ ರೀ, ನಮ್ಮ ಸಾಹೇಬ್ರು. ಮನ್ಯಾಗ ಉಳಿದಿದ್ದೆಲ್ಲಾ ನಮಗ ತಂದ್ ಹಾಕ್ತಾರ. ಭಾಳ ದೊಡ್ಡ ಮನಸ್ಸು."

ನಿಜ. ಜ್ವರ ಬಿಟ್ಟ ಕೂಡಲೇ ಆ್ಯಂಟಿಬಯಾಟಿಕ್ ಮಾತ್ರೆ ನಿಲ್ಲಿಸುವ ಮನೆ ನಮ್ಮದು. ಉಳಿದದ್ದನ್ನು ಎಸೆಯಲು ಮನಸ್ಸಾಗದೆ ಆ ಡಬ್ಬಿಗೆ ಹಾಕುತ್ತಿದ್ದೆ. ಡಾಕ್ಟರ್ ನನ್ನನ್ನೊಮ್ಮೆ ನೋಡಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬಸಣ್ಣನನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಬಂದು ಡಬ್ಬಿ ಖಾಲಿ ಮಾಡುತ್ತಿದ್ದೆ. ಪ್ಯಾಕಿಂಗಿನ ಹೆಂಗಸೊಬ್ಬರು, "ಯಾಕ್ ಸಾರ್ ಬಿಸಾಕ್ತೀರಾ? ಮಗೂಗೆ ಕೆಮ್ಮು, ನನಗಾದ್ರೂ ಕೊಡಿ" ಎಂದರು. ಆಗುವುದಿಲ್ಲ ಎಂದೆ.

"ನೀವೂ ಜಿಪುಣರಾಗ್ಬಿಟ್ರಾ ಸಾರ್?"

ಆ ಡಬ್ಬಿಯ ವಿಷಯದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸಕ್ಕೆ ಸಿಕ್ಕ ಬಿರುದು ಅದು.