ದೇವರ ಡಬ್ಬಿಯೊಳಗಿನ ಹಕ್ಕಲು ಜೋಳ

ಆಗೆಲ್ಲ ಟಿಕೋಟಾದಲ್ಲಿ ಬೆಳಗಾಯಿತು ಅಂತ ಹೇಳುತ್ತಿದ್ದದ್ದು ಕೋಳಿಯಲ್ಲ, ಬೀಸುವ ಕಲ್ಲು. ಹಾಸಿಗೆಯಲ್ಲಿ ಮಲಗಿಕೊಂಡೇ ನಾನು ಸದ್ದಿನ ಗುರುತು ಹಿಡಿಯುತ್ತಿದ್ದೆ. ಇದು ಪಕ್ಕದ ಮನೆಯ ಗಂಗವ್ವ ಆಯಿಯ ಕಲ್ಲು, ಇದು ನಮ್ಮವ್ವನದು. ಗಂಗವ್ವ ಆಯಿ ತನ್ನ ದೇವರ ಹಾಡು ಹಾಡಿದರೆ, ಅವ್ವ ಅದೇ ಧಾಟಿಗೆ ಯೇಸುಸ್ವಾಮಿಯನ್ನು ಕೂಡಿಸಿ ಹಾಡುತ್ತಿದ್ದಳು. ಹಿಟ್ಟು ಮಾತ್ರ ಎರಡೂ ಮನೆಯಲ್ಲಿ ಒಂದೇ ನಮೂನೆ ಬೀಳುತ್ತಿತ್ತು.

ನಮ್ಮದು ಕ್ರೈಸ್ತರ ಮನೆ. ಅಪ್ಪ ಸಾಲಿ ಮಾಸ್ತರ. ಕಲ್ಲಿಗೆ ಜೋಳ ಹಾಕುವ ಮೊದಲು ಅವ್ವ ಒಂದು ಹಿಡಿ ತೆಗೆದು ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಅದು ದೇವರ ಡಬ್ಬಿ. ತಿಂಗಳಿಗೊಮ್ಮೆ ಬಬಲೇಶ್ವರದಿಂದ ಸೈಕಲ್ ತುಳಿದುಕೊಂಡು ಬರುವ ಪಾಸ್ಟರು ಪ್ರಾರ್ಥನೆ ಮುಗಿಸಿ, ಬಡವರಿಗೆಂದು ಆ ಜೋಳವನ್ನು ಚೀಲಕ್ಕೆ ಸುರಿದುಕೊಂಡು ಹೋಗುತ್ತಿದ್ದರು.

ಅವರಿಗಿಂತ ಮೊದಲು ಡಬ್ಬಿಗೆ ಕೈ ಹಾಕುತ್ತಿದ್ದವಳು ನಾನು. ಎಂಟು ವರ್ಷ ನನಗೆ. ಅವ್ವ ನೀರಿಗೆ ಹೋದದ್ದೇ ತಡ, ಒಂದು ಹಿಡಿ ಜೋಳ ಲಂಗದ ಉಡಿಗೆ ಸುರುವಿಕೊಂಡು ಮೂಲೆಯ ಅಂಗಡಿಗೆ ಓಡುತ್ತಿದ್ದೆ. ಅಂಗಡಿಯಾತ ಜೋಳ ಇಸಗೊಂಡು ಪುಠಾಣಿ ಬೆಲ್ಲ ಕೊಡುತ್ತಿದ್ದ. ದೇವರು ದೊಡ್ಡವನು, ಒಂದು ಹಿಡಿಗೆಲ್ಲ ಕಣ್ಣು ಹಾಕುವುದಿಲ್ಲ ಅನ್ನುವುದು ನನ್ನ ನಂಬಿಕೆಯಾಗಿತ್ತು.

ಆ ಚಳಿಗಾಲದಲ್ಲಿ ನನ್ನ ತಮ್ಮ ಸಮ್ಯಾ ನಾಲ್ಕು ತಿಂಗಳ ಕೂಸು. ಸಮುವೇಲ ಅಂತ ಹೆಸರು. ಹಾಲು ಕುಡಿಯುತ್ತ ಕುಡಿಯುತ್ತಲೇ ದಣಿದು ಬಾಯಿ ಬಿಡುತ್ತಿದ್ದ. ಅತ್ತರೆ ನೇರಳೆ ಹಣ್ಣು ತಿಂದವನ ಹಾಗೆ ತುಟಿ ಆಗುತ್ತಿತ್ತು. ವಿಜಾಪುರದ ದವಾಖಾನೆಗೆ ಒಯ್ದಾಗ ಡಾಕ್ಟರು ಬಹಳ ಹೊತ್ತು ಎದೆಗೆ ನಳಿಗೆ ಹಚ್ಚಿ ಕೇಳಿದರು.

"ಮಾಸ್ತರ, ಕೂಸಿನ ಎದಿಯೊಳಗ ಹುಟ್ಟತಲೇನ ತೂತ ಐತ್ರಿ. ನಮ್ಮ ಕಡೆ ಇದಕ್ಕ ಔಷಧ ಇಲ್ಲ. ಮನಿಗಿ ಒಯ್ರಿ, ಬೆಚ್ಚಗ ಇಡ್ರಿ."

ಗಾಂಧಿ ಚೌಕಕ್ಕೆ ಬಂದಾಗ ಅಪ್ಪ ನಾನು ಕೇಳದೆಯೇ ಬಾಳೆಹಣ್ಣು ಕೊಡಿಸಿದ. ಹಟ ಮಾಡದೆ ನನಗೆ ಏನಾದರೂ ಸಿಕ್ಕದ್ದು ಅದೇ ಮೊದಲು. ಆಗ ನನಗೆ ಹೆದರಿಕೆಯಾಯಿತು.

ಮನೆಗೆ ಬಂದ ಮೇಲೆ ಅವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಮೊಳಕಾಲೂರಿದಳು. "ಪ್ರಭು, ಈ ಮನ್ಯಾಗ ಯಾರರೆ ತಪ್ಪ ಮಾಡಿದ್ರ ಕೂಸಿನ ಮ್ಯಾಲೆ ಹಾಕಬ್ಯಾಡ."

ನಾನು ಕಣ್ಣು ತೆರೆದು ಡಬ್ಬಿಯ ಕಡೆ ನೋಡಿದೆ.

ಹೊಲದಲ್ಲಿ ಜೋಳ ಕೊಯ್ದು ಮುಗಿದಿತ್ತು. ಕೊಯ್ದವರ ಕಣ್ಣು ತಪ್ಪಿ ಬಿದ್ದ ತೆನೆಗಳನ್ನು ಬಡವರು ಆರಿಸಿಕೊಳ್ಳಬಹುದಿತ್ತು. ಅದಕ್ಕೆ ಹಕ್ಕಲು ಅನ್ನುತ್ತಿದ್ದರು. ಸಾಲಿ ಬಿಟ್ಟ ಮೇಲೆ ನಾನೂ ಹಕ್ಕಲಿಗೆ ಹೊರಟೆ. ಕೊಯ್ದು ಉಳಿದ ಕೂಳೆಗಳು ಚುಚ್ಚಿ ಕಾಲು ಗೀರುತ್ತಿದ್ದವು. ಸಿಕ್ಕ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಹಿಡಿ ಕಾಳು ಮಾಡುವುದರೊಳಗೆ ಹೊತ್ತು ಇಳಿಯುತ್ತಿತ್ತು. ಅಂಗೈ ಬಿರಿದು ಉರಿಯುತ್ತಿದ್ದವು. ತಂದು ಯಾರಿಗೂ ಹೇಳದೆ ಗಪ್ಪನೆ ಡಬ್ಬಿಗೆ ಸುರಿಯುತ್ತಿದ್ದೆ. ಕದ್ದದ್ದು ತೀರಿದರೆ ಸಮ್ಯಾನಿಗೆ ಆರಾಮ ಆಗುತ್ತದೆ ಅಂತ ನನ್ನ ಅಂದಾಜು.

ಒಂದು ನಸುಕಿನಲ್ಲಿ ಅವ್ವನ ಕಲ್ಲು ನಿಂತಿತು.

"ಏನ್ರಿ, ಇಲ್ಲಿ ಬರ್ರಿ. ಡಬ್ಬಿ ನೋಡ್ರಿ. ನಾ ಹಾಕಿದ್ದಕ್ಕಿಂತ ಹೆಚ್ಚ ಐತಿ."

ಬರಗಾಲದಲ್ಲಿ ತನ್ನ ಕೊನೆಯ ಹಿಟ್ಟಿನ ರೊಟ್ಟಿಯನ್ನು ಪ್ರವಾದಿಗೆ ಕೊಟ್ಟ ವಿಧವೆಯ ಕತೆಯನ್ನು ಪಾಸ್ಟರು ಹೇಳಿದ್ದರು. ಆಕೆಯ ಮಡಕೆಯ ಹಿಟ್ಟು ಬರ ಮುಗಿಯುವವರೆಗೂ ತೀರಲಿಲ್ಲ. ಸತ್ತ ಮಗನೂ ಎದ್ದು ಕುಳಿತ.

"ಆಕಿ ಮಗನ್ನ ಕೊಟ್ಟಾಂವ ನನ್ನ ಮಗನ್ನ ಉಳಸಂಗಿಲ್ಲೇನ್ರಿ?" ಅಂದಳು ಅವ್ವ.

ಅಪ್ಪ ಡಬ್ಬಿಯನ್ನೂ ನೋಡಿದ, ಕೂಸನ್ನೂ ನೋಡಿದ. "ನಂಬಿಕಿ ಬ್ಯಾರೆ, ಹಟ ಬ್ಯಾರೆ."

"ತಾಯಿಗಿ ಎರಡೂ ಬೇಕ್ರಿ."

ನಾನೇ ಹಾಕಿದ್ದು ಅಂತ ಹೇಳಲಿಕ್ಕೆ ಬಾಯಿ ತೆರೆದೆ. ಅವ್ವ ನಗುತ್ತಿದ್ದಳು. ದವಾಖಾನೆಯಿಂದ ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಬಾಯಿ ಮುಚ್ಚಿಕೊಂಡೆ. ಮರುದಿನ ಎರಡು ಹಿಡಿ ಹಾಕಿದೆ.

ಅವ್ವ ಓಣಿಗೆಲ್ಲ ಹೇಳಿದಳು. ಗಂಗವ್ವ ಆಯಿ ಕೂಸಿನ ಗಲ್ಲ ಮುಟ್ಟಿ, "ನೀ ನಿಮ್ಮ ಯೇಸಪ್ಪಗ ಹೇಳಬೇ, ನಾ ನಮ್ಮ ದೇವಿಗಿ ಹೇಳತೇನಿ. ಇಬ್ಬರೊಳಗ ಯಾರಿಗರೆ ಕೇಳಸ್ತೈತಿ" ಅಂದಳು. ಅವ್ವ ತನ್ನ ಮದುವೆಯ ಕುಪ್ಪಸದ ಬಟ್ಟೆಯಿಂದ ಸಮ್ಯಾನ ತಲೆಗೆ ಕುಲಾಯಿ ಹೊಲಿದಳು, ವರ್ಷ ತುಂಬಿದ ಕೂಸಿನ ಅಳತೆಗೆ. ಬೀಸುವ ಹಾಡಿಗೆ ಹೊಸ ನುಡಿ ಕೂಡಿಸಿದಳು. ಅದರಲ್ಲಿ ಸಮ್ಯಾ ಅಕ್ಕನ ಕೈ ಹಿಡಿದು ಸಾಲಿಗೆ ಹೋಗುತ್ತಿದ್ದ.

ಒಂದು ಭಾನುವಾರ ಮುಂಜಾನೆ ಹಾಲು ಕುಡಿಯುತ್ತಿದ್ದವನು ಎಂದಿನಂತೆ ದಣಿದು ಬಾಯಿ ಬಿಟ್ಟ. ಮತ್ತೆ ಮೊಲೆಗೆ ಬಾಯಿ ಹಚ್ಚಲಿಲ್ಲ. ಅವ್ವ ಬಹಳ ಹೊತ್ತು ಅವನ ಬೆನ್ನು ಸವರುತ್ತಲೇ ಇದ್ದಳು. ಕೊನೆಗೆ ಅಪ್ಪ ಕೈ ಚಾಚಿದ.

ಅದೇ ಕುಲಾಯಿ ಹಾಕಿ ಮಣ್ಣು ಮಾಡಿದರು. ದೊಡ್ಡದಾಗಿ ಅದು ಅವನ ಕಣ್ಣಿನ ಮೇಲೆ ಇಳಿಯುತ್ತಿತ್ತು, ಪಾಸ್ಟರು ಎರಡು ಸಲ ಸರಿಮಾಡಿದರು. ಗಂಗವ್ವ ಆಯಿ ಮೂರು ದಿನ ತನ್ನ ಕಲ್ಲು ತಿರುವಲಿಲ್ಲ. ನಮಗೂ ರೊಟ್ಟಿ ಬೇರೆ ಓಣಿಯಿಂದ ಇಸಗೊಂಡು ಬಂದು ಕೊಟ್ಟಳು.

ನಾಲ್ಕನೆಯ ದಿನ ಪಾಸ್ಟರಿಗೆ ಕೊಟ್ಟು ಕಳಿಸಲು ಅವ್ವ ಡಬ್ಬಿಯ ಜೋಳವನ್ನು ಮೊರಕ್ಕೆ ಸುರಿದಳು. ಕೇರಿದಾಗ ಹೊಟ್ಟು ಹಾರಿತು. ಆಕೆಯ ಕೈ ನಿಂತಿತು. ಅವ್ವ ಹಸನು ಮಾಡದೆ ಒಂದು ಕಾಳನ್ನೂ ದೇವರಿಗೆ ಹಾಕಿದವಳಲ್ಲ.

"ಸುಶಿ, ಕೈ ತೋರಸು."

ತೋರಿಸಿದೆ. ಬಿರಿದ ಅಂಗೈಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ನಾನು ಪುಠಾಣಿ ಬೆಲ್ಲದಿಂದ ಹಿಡಿದು ಎಲ್ಲವನ್ನೂ ಒದರಿಬಿಟ್ಟೆ. "ನಾ ಕದ್ದದ್ದಕ್ಕ ಸಮ್ಯಾ ಹೋದನೇನಬೇ?"

ಅವ್ವ ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಹೊಡೆಯಲಿಕ್ಕೆ ಕಟ್ಟಿಗೆ ತರುತ್ತಾಳೆ ಅಂದುಕೊಂಡೆ. ಕುಸುಬಿ ಎಣ್ಣೆ ತಂದು ನನ್ನ ಅಂಗೈಗೆ ತಿಕ್ಕಿದಳು.

"ಪುಠಾಣಿಗಿ ಕೂಸ ಒಯ್ಯು ದೇವರಾಗಿದ್ರ ನಾ ಯಾಕ ಅವಂಗ ಕೈ ಮುಗಿತಿದ್ದೆ, ಹುಚ್ಚಿ?" ಅಂದಳು. ಎಣ್ಣೆ ತಿಕ್ಕುತ್ತಲೇ, ನನಗಲ್ಲ, ಮೊರಕ್ಕೆ ಹೇಳುವ ಹಾಗೆ, "ಖರೇನ ಆ ದೇವರೇ ಹಾಕ್ಯಾನ ಅಂತ ತಿಳಿದಿದ್ದೆ" ಅಂದಳು.

ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಕಲ್ಲಿನ ಮುಂದೆ ಕೂಡಿಸಿದಳು. ಹಿಡಿ ಜೋಳ ತೆಗೆದಳು. ಆಕೆಯ ಕೈ ಡಬ್ಬಿಯ ಮೇಲೆ ಬಂದು ನಿಂತಿತು. ಹಾಕುವುದಿಲ್ಲ ಅನ್ನಿಸಿತು. ಆಮೇಲೆ ಆ ಹಿಡಿಯನ್ನು ನನ್ನ ಎಣ್ಣೆಗೈಯೊಳಗೆ ಸುರಿದು, "ಇನ್ನ ಮ್ಯಾಲೆ ನೀ ಹಾಕು" ಅಂದಳು. ಮದುವೆಯಾಗಿ ಹೋಗುವತನಕ ಹಾಕಿದೆ. ಒಂದು ಕಾಳು ಕದಿಯಲಿಲ್ಲ.

ಈಗ ಹಿಟ್ಟು ಚೀಲದಲ್ಲಿ ಬರುತ್ತದೆ. ನಮ್ಮ ಕಲ್ಲು ಹಿತ್ತಲಲ್ಲಿ ಅರಿವೆ ಒಗೆಯುವ ಜಾಗದಲ್ಲಿ ಬೋರಲು ಬಿದ್ದಿದೆ. ಕೊಯ್ಯುವ ಯಂತ್ರ ಹಾಯ್ದ ಹೊಲದಲ್ಲಿ ಹಕ್ಕಲು ಹುಡುಕಿಕೊಂಡು ಯಾವ ಮಕ್ಕಳು ಹೋಗುತ್ತಾರೆ? ಇದಕ್ಕೆಲ್ಲ ನಾನು ಅಳುವುದಿಲ್ಲ. ಬೀಸುವುದು ಸುಖದ ಕೆಲಸವೇನಲ್ಲ. ಅವ್ವ ಆಮೇಲೂ ವರ್ಷಗಟ್ಟಲೆ ಬೀಸಿದಳು, ಪ್ರಾರ್ಥನೆಯನ್ನೂ ಬಿಡಲಿಲ್ಲ. ಹಾಡು ಮಾತ್ರ ಸಮ್ಯಾನ ನುಡಿ ಬರುವ ಮೊದಲೇ ನಿಲ್ಲುತ್ತಿತ್ತು, ಕಲ್ಲೊಂದೇ ತಿರುಗುತ್ತಿತ್ತು. ಆ ನುಡಿಯಲ್ಲಿ ಅವನು ನನ್ನ ಕೈ ಹಿಡಿದು ಮನೆ ಬಿಟ್ಟದ್ದು ನೆನಪಿದೆ. ಸಾಲಿ ಮುಟ್ಟಿದೆವೋ ಇಲ್ಲವೋ, ನೆನಪಿಲ್ಲ. ಕೇಳೋಣವೆಂದರೆ ಅವ್ವ ಇಲ್ಲ.